ಮದುವೆ ಸೀರೆಯ ಕೆಳಗಿನ ಇಂಗ್ಲಿಷ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರಾದ ಬಸವೇಶ ಅವರೇ, ಉಪಾಧ್ಯಾಯರೇ, ಮಕ್ಕಳೇ, ಹಿಂದಿನ ಸಾಲಿನಲ್ಲಿ ಇನ್ನೂ ಮಾತಾಡುತ್ತಿರುವ ತಾಯಂದಿರೇ, ಸಭಿಕರೇ,

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಹಳೆಯ ಇಂಗ್ಲಿಷ್ ಪದಗಳ ಪ್ರದರ್ಶನ ಇಟ್ಟಿದ್ದಾರೆ. ಅದನ್ನು ಉದ್ಘಾಟಿಸಲು ಕೊಳ್ಳೇಗಾಲದಲ್ಲಿ ಯಾರು ತಕ್ಕವರು? ಶಿವನಂಜಮ್ಮನವರೇ ತಕ್ಕವರು ಎಂದು ಬಸವೇಶ ಅವರು ಮನೆಗೆ ಬಂದು ಹೇಳಿದರು. ಸರಿಯಾಗಿಯೇ ಹೇಳಿದರು. ನಾನು ಹೈಸ್ಕೂಲಿನವರೆಗೆ ಓದಿದವಳು. ಆದರೆ ನನ್ನಷ್ಟು ಹಳೆಯ ಇಂಗ್ಲಿಷ್ ಬಲ್ಲವರು ನಮ್ಮ ಬೀದಿಯಲ್ಲಿ ಇಲ್ಲ.

ಈ ಚೀಲದಲ್ಲಿ ಒಂದು ವಸ್ತು ತಂದಿದ್ದೇನೆ. ಅದನ್ನು ಪ್ರದರ್ಶನಕ್ಕೆ ಕೊಡುವುದೋ, ಹಾಗೆಯೇ ಮನೆಗೆ ಒಯ್ಯುವುದೋ, ಇನ್ನೂ ತೀರ್ಮಾನಿಸಿಲ್ಲ. ಮಾತು ಮುಗಿಯುವುದರೊಳಗೆ ತೀರ್ಮಾನಿಸುತ್ತೇನೆ.

ಈಗಿನವರು ಮಾತು ಮಾತಿಗೆ ಓಕೆ, ಸೂಪರ್ ಅನ್ನುತ್ತೀರಿ. ಅದೂ ಒಂದು ಇಂಗ್ಲಿಷೇ? ಹಳೆಯ ಪದಗಳಿಗೆ ತೂಕ ಇತ್ತು. ಹದಿನೈದು ದಿನಕ್ಕೆ ಫೋರ್ಟ್‌ನೈಟ್. ಕನ್ನಡಿಗೆ ಲುಕಿಂಗ್ ಗ್ಲಾಸ್. ಮೂರು ಸಲಕ್ಕೆ ಥ್ರೈಸ್. ಅಯ್ಯೋ ಅನ್ನುವುದಕ್ಕೆ ಅಲಾಸ್. ಇದುವರೆಗೆ ಅನ್ನುವುದಕ್ಕೆ ಹಿದರ್‌ಟು. ಮಧುವನಹಳ್ಳಿಯಿಂದ ಹಾಲು ತರುವ ಚನ್ನಬಸವನಿಗೆ ಒಮ್ಮೆ ಹೇಳಿದೆ: "ಹಿದರ್‌ಟು ನೀರು ಹಾಕಿದ್ದು ಸಾಕು." ಅವನು ಕ್ಯಾನ್ ಕೆಳಗಿಟ್ಟು ಕೈ ಮುಗಿದ. "ಬೈಯೋದಾದ್ರೆ ಕನ್ನಡದಲ್ಲೇ ಬೈದ್ಬುಡ್ರವ್ವಾ. ಇದ್ಯಾಕೋ ಎದೆ ನಡುಗ್ತದೆ!" ಮಾರನೆಯ ದಿನದಿಂದ ಹಾಲು ಗಟ್ಟಿಯಾಯಿತು. ಓಕೆ, ಸೂಪರ್ ಅಂದಿದ್ದರೆ ಆಗುತ್ತಿತ್ತೇ?

ನನ್ನ ಸೊಸೆ ಯಶೋದ ಇದೇ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅಲ್ಲಿ ಕಂಬದ ಹಿಂದೆ ನಿಂತಿದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ ಯಳಂದೂರಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಬಿಎ ಎಂದು ಅವರ ಮನೆಯವರು ಹತ್ತು ಸಲ ಹೇಳಿದರು. ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಕೇಳಿದೆ: "ಪೆರಂಬುಲೇಟರ್ ಅಂದ್ರೆ ಏನಮ್ಮಾ?" ಅವಳು ತಲೆ ಬಗ್ಗಿಸಿ, "ಗೊತ್ತಿಲ್ಲ, ನೀವೇ ಹೇಳಿ" ಅಂದಳು. ಕೂಸನ್ನು ಕೂರಿಸಿ ತಳ್ಳುವ ಗಾಡಿ ಎಂದು ನಾನೇ ಹೇಳಿಕೊಟ್ಟೆ. ಈ ಕಥೆಯನ್ನು ಹನೂರಿನ ನೆಂಟರಿಗೆ, ರಾಮಾಪುರದ ನೆಂಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಎಲ್ಲರಿಗೂ ಹೇಳಿದ್ದೇನೆ.

ಇಷ್ಟೆಲ್ಲ ಪದ ನನಗೆ ಎಲ್ಲಿಂದ ಬಂತು? ಓದಿ ಬಂದದ್ದು ಎಂದು ಹೇಳುತ್ತಾ ಬಂದೆ. ಅದು ಪೂರ್ತಿ ನಿಜವಲ್ಲ. ನನ್ನ ತಂದೆ ದೇವಣ್ಣನವರು ಹಗಲು ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಸಂಜೆ ಬೀದಿಯವರಿಗೆ ಬಂದ ಇಂಗ್ಲಿಷ್ ಕಾಗದ ಓದಿ ಹೇಳುತ್ತಿದ್ದರು. ತಿಳಿಯದ ಪದವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು, ಬಲ್ಲವರನ್ನು ಕೇಳಿ ಎದುರಿಗೆ ಕನ್ನಡ ಬರೆಯುತ್ತಿದ್ದರು. ಆ ಪುಸ್ತಕ ನನಗೆ ಬಂತು. ದಿನಕ್ಕೊಂದು ಪದ ಕದ್ದು ಓದಿ ಮನೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ಯಾರಿಗೂ ಕಾಣದಿರಲಿ ಎಂದು ಪೆಟ್ಟಿಗೆಯ ತಳದಲ್ಲಿ, ನನ್ನ ಮದುವೆ ಸೀರೆಯ ಕೆಳಗೆ ಇಟ್ಟಿದ್ದೆ. ಅಂಥದ್ದೇನಾದರೂ ಇದೆಯಾ ಅತ್ತೆ ಎಂದು ಈ ಪ್ರದರ್ಶನಕ್ಕಾಗಿ ಯಶೋದ ಕೇಳಿದಳು. ಇಲ್ಲ ಅಂದೆ.

ಪೆಟ್ಟಿಗೆಗೆ ಬೀಗ ಇತ್ತು. ಆದರೆ ನೇಯುವವರ ಮನೆಯಲ್ಲಿ ರೇಷ್ಮೆ ಸೀರೆಯ ಕೆಳಗೆ ಏನನ್ನಾದರೂ ಬಚ್ಚಿಡುವುದು ಬುದ್ಧಿವಂತರ ಕೆಲಸವೇ? ಮೂರು ತಿಂಗಳಿಗೊಮ್ಮೆ ಸೀರೆಗಳನ್ನು ಬಿಚ್ಚಿ ಮಡಿಕೆ ಬದಲಿಸಬೇಕು. ಇಲ್ಲವಾದರೆ ಜರಿ ಮಡಿಕೆಯಲ್ಲೇ ಸೀಳುತ್ತದೆ. ಮೂರು ವರ್ಷದ ಹಿಂದೆ ನನ್ನ ಕಣ್ಣು ಮಂಜಾಯಿತು. ಬೀಗದ ಕೈಯನ್ನು ಯಶೋದಳಿಗೆ ಕೊಟ್ಟು, "ಎಲ್ಲಾ ಮಡಿಕೆ ಬದಲಿಸು, ತಳದ್ದೊಂದನ್ನು ಮುಟ್ಟಬೇಡ" ಅಂದೆ. ಅವಳು ಮುಟ್ಟದೆ ಬಿಟ್ಟಾಳೆಯೇ? ಒಂದು ಸೀರೆಯನ್ನೂ ಬಿಡಬಾರದು ಎಂದು ಗದರಿಸಿ ಕಲಿಸಿದವಳೇ ನಾನು!

ಈಚೆಗೆ ಕಣ್ಣಿನ ಆಪರೇಷನ್ ಆಯಿತು. ಕಳೆದ ವಾರ ಪೆಟ್ಟಿಗೆ ತೆರೆದೆ. ಮದುವೆ ಸೀರೆಯ ಮಡಿಕೆ ಬದಲಾಗಿತ್ತು. ಪುಸ್ತಕಕ್ಕೆ ಹೊಸ ಬಿಳಿ ಬಟ್ಟೆ ಸುತ್ತಿತ್ತು. ಹುಳ ತಿಂದ ಹಾಳೆಗಳಿಗೆ ಕಾಗದ ಅಂಟಿಸಿ, ಹೋದ ಅಕ್ಷರಗಳನ್ನು ಪೆನ್ಸಿಲಿನಲ್ಲಿ ತುಂಬಲಾಗಿತ್ತು. ಫೋರ್ಟ್‌ನೈಟ್ ಪಕ್ಕದಲ್ಲಿ ಚಿಕ್ಕದಾಗಿ ಬರೆದಿತ್ತು: "ಅತ್ತೆ ಹೇಳುವುದು ಸರಿ."

ನನ್ನ ಗುಟ್ಟು ಅವಳಿಗೆ ಮೂರು ವರ್ಷದಿಂದ ಗೊತ್ತು! ಆ ಮೂರು ವರ್ಷದಲ್ಲಿ ಮೊಮ್ಮಗಳು ಮೋನಿಕಾ, "ಅಜ್ಜಿ, ಹಂಗೆಲ್ಲಾ ಯಾರೂ ಅನ್ನಲ್ಲ" ಎಂದು ನಕ್ಕಾಗಲೆಲ್ಲ ಇವಳು ಅಡುಗೆಮನೆಯಿಂದಲೇ, "ಸರಿಯಾದ ಪದ ಕಣೇ, ಹಳೇದು ಅಷ್ಟೆ" ಅನ್ನುತ್ತಿದ್ದಳು. ಒಂದು ದಿನವೂ ನನ್ನನ್ನು ಬಿಟ್ಟುಕೊಡಲಿಲ್ಲ.

ಅವಳನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ. "ಪೆರಂಬುಲೇಟರ್ ಆವತ್ತು ನಿನಗೆ ಗೊತ್ತಿತ್ತೇನೇ?" ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು: "ಎಂಟನೇ ಕ್ಲಾಸಲ್ಲೇ ಪಾಠ ಇತ್ತು ಅತ್ತೆ. ನೀವು ಅಷ್ಟು ಆಸೆಯಿಂದ ಕೇಳಿದ್ರಿ."

ಅಲಾಸ್. ಥ್ರೈಸ್ ಅಲಾಸ್.

ನಗಿರಿ, ನಗಿರಿ. ಅಧ್ಯಕ್ಷರೂ ನಗಬಹುದು.

ಯಶೋದಾ, ಕಂಬ ಬಿಟ್ಟು ಮೇಲೆ ಬಾ. ಇಗೋ, ತೆಗೆದುಕೋ. ಬಸವೇಶ ಅವರೇ, ಪುಸ್ತಕದ ಮುಂದೆ ಇಡುವ ಚೀಟಿಯಲ್ಲಿ ಹೀಗೆ ಬರೆಸಿ: ಮಸಿಯಲ್ಲಿ ಬರೆದವರು ದೇವಣ್ಣ, ಪೆನ್ಸಿಲಿನಲ್ಲಿ ಉಳಿಸಿದವಳು ಯಶೋದ. ನನ್ನ ಹೆಸರೂ ಬೇಕೆಂದರೆ, ಬಚ್ಚಿಟ್ಟವಳು ಶಿವನಂಜಮ್ಮ ಎಂದು ಕೆಳಗೆ ಸೇರಿಸಿ. ಅಕ್ಷರ ಮಾತ್ರ ದೊಡ್ಡದಾಗಿರಲಿ.

ಹಿದರ್‌ಟು ಸಹನೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆ. ಸೊಸೆಗೆ ಬೇರೆಯಾಗಿ ಒಂದು. ನಮಸ್ಕಾರ.