ಬೆನ್ನಿಗೆ ಟೇಪು

ಆಸ್ಪತ್ರೆಯ ಬೆಂಚಿನ ಮೇಲೆ ಸುಟ್ಟ ಕೈ ಹಿಡಿದು ಕೂತಿದ್ದ ವೆಲ್ಡರ್ ತನ್ನ ಉರಿ ಮರೆತು ಪಕ್ಕದವರ ಮಾತಿಗೆ ಕಿವಿಗೊಟ್ಟ. ತಮ್ಮನ ಒಡೆದ ಹಣೆಗೆ ಅಣ್ಣ ಟವೆಲ್ ಒತ್ತಿ ಹಿಡಿದಿದ್ದ.

“ಪುಸ್ತಕದ ಬೆನ್ನು ಕಿತ್ತುಹೋಗಿತ್ತಣ್ಣಾ. ಪಾಪ ಅಂತ ಟೇಪ್ ಹಚ್ಚಿದೆ.”

“ವಾಲ್ವ್ ರೇಡಿಯೋ ಕಾಲದ ಮೀಟರಿನ ಕೈಪಿಡಿ ಪುಸ್ತಕಕ್ಕೆ ಟೇಪಾ? ಅದರ ಅಂಟು ಕಾಗದಾನೇ ತಿಂದುಹಾಕತ್ತೆ ಕಣೋ! ಹನ್ನೊಂದು ವರ್ಷ ಹುಡುಕಿ ತಂದಿದ್ದೆ. ಕೈ ಮುರೀಬೇಕಿತ್ತು ನಿಂದು.”

“ಏನ್ ತಗೊಂಡು ಹೊಡೆದೆ? ಬಂಡೆ ಬಿದ್ದಂಗಾಯ್ತು.”

“ಆಸಿಲೋಸ್ಕೋಪ್ ಯಂತ್ರದ ದಪ್ಪ ಕೈಪಿಡಿ. ಅದರದ್ದು ಎರಡು ಪ್ರತಿ ಇದೆ. ಇಲ್ಲದಿದ್ರೆ ಸ್ಟೂಲೇ ಎತ್ತುತಿದ್ದೆ.”

ನರ್ಸ್ ಬಂದು ಟವೆಲ್ ಸರಿಸಿ ನೋಡಿದಳು. “ಹೊಲಿಗೆ ಬೇಡ. ಟೇಪ್ ಹಚ್ಚಿದ್ರೆ ಸಾಕು.”

ಅಣ್ಣ ತಮ್ಮನ ರಟ್ಟೆ ಹಿಡಿದು ಒಳಗೆ ಎಳೆದೊಯ್ಯುತ್ತ ಅಬ್ಬರಿಸಿದ: “ಟೇಪಾ? ಮುಟ್ಟಿಸಿದ್ರೆ ನೋಡಿ! ನನ್ ತಮ್ಮನಿಗೆ ಹೊಲಿಗೇನೇ ಹಾಕ್ಬೇಕು!”