ನೈರೋಬಿಯಲ್ಲಿ ಮುನಿಸಿಕೊಂಡು ಕೂತ ಬೀಗರು

ಒಬ್ಬ ಸಾಹುಕಾರ ಇದ್ದ. ಯಾವ ಊರು, ಏನು ಹೆಸರು ಎಂದು ಕೇಳಬೇಡಿ. ಹೆಸರು ಹೇಳಿದರೆ ಈ ಸಭೆಯಲ್ಲೇ ಅವನ ನೆಂಟರು ನಾಲ್ಕು ಮಂದಿ ಎದ್ದು ಹೋಗುತ್ತಾರೆ, ಉಳಿದವರು ಅವರ ಬೆನ್ನು ನೋಡುತ್ತ ಕೂರುತ್ತೀರಿ, ನನ್ನ ಪ್ರವಚನವನ್ನು ಈ ಕಂಬಗಳು ಕೇಳಬೇಕಾಗುತ್ತದೆ. ಮೆಣಸಿನಕಾಯಿ ವ್ಯಾಪಾರದ ಸಾಹುಕಾರ ಅಂದುಕೊಳ್ಳಿ, ಸಾಕು.

ದೇವರು ಅವನಿಗೆ ಎಲ್ಲ ಕೊಟ್ಟಿದ್ದ. ಮನೆ ಕೊಟ್ಟಿದ್ದ, ಗೋದಾಮು ಕೊಟ್ಟಿದ್ದ, ಬಂಗಾರದಂಥ ಹೆಂಡತಿಯನ್ನು ಕೊಟ್ಟಿದ್ದ, ಒಬ್ಬನೇ ಮಗನನ್ನೂ ಕೊಟ್ಟಿದ್ದ. ಜೊತೆಗೊಂದು ರೋಗವನ್ನೂ ಕೊಟ್ಟಿದ್ದ. ಸಕ್ಕರೆ ಕಾಯಿಲೆ ಅಲ್ಲ, ಬಿಪಿ ಅಲ್ಲ. ಕರೆಯದೆ ಎಲ್ಲಿಗೂ ಹೋಗಬಾರದು ಅನ್ನುವ ರೋಗ. ಮದುವೆಗೆ ಕರೆಯಲು ಬಂದವರು ಹೆಂಡತಿಗೆ ಕುಂಕುಮ ಹಚ್ಚಿ ಹೋದರೆ ಅದು ಅವನ ಲೆಕ್ಕದಲ್ಲಿ ಕರೆದಂತಲ್ಲ. ಅವನೆದುರು ನಿಂತು, ಕೈಗೆ ಅಕ್ಷತೆ ಕೊಟ್ಟು, ತಪ್ಪದೆ ಬರಬೇಕು ಅನ್ನಬೇಕು. ಅಷ್ಟೇ ಏಕೆ, ತನ್ನದೇ ಮನೆಯಲ್ಲಿ ಊಟಕ್ಕೆ ತಾಟು ಹಾಕಿದ್ದರೂ ಪಡಸಾಲೆಯಲ್ಲೇ ಕೂತಿರುತ್ತಿದ್ದ. ಹೆಂಡತಿ ಬಂದು "ಊಟಕ್ಕ ಏಳ್ರಿ" ಅನ್ನಬೇಕು. ಒಂದು ಸಲ ಅಂದರೆ ಕೇಳಿಸುತ್ತಿರಲಿಲ್ಲ, ಎರಡನೇ ಸಲ ಅಂದರೆ ಕೇಳಿಸುತ್ತಿತ್ತು. ನಗಿ, ನಗಿ. ಹೆಂಗಸರ ಕಡೆಯಿಂದ ನಗು ಸ್ವಲ್ಪ ಜೋರಾಗಿಯೇ ಬರುತ್ತಿದೆ. ಯಾಕೆಂದು ನನಗೂ ಗೊತ್ತು, ಈ ಕಡೆ ತಲೆ ತಗ್ಗಿಸಿ ಕೂತ ಗಂಡಸರಿಗೂ ಗೊತ್ತು.

ಇಂಥ ಸಾಹುಕಾರನ ಮಗ ಧಾರವಾಡದಲ್ಲಿ ಕೃಷಿ ಓದುವಾಗ ಅಲ್ಲೇ ಓದುತ್ತಿದ್ದ ಒಬ್ಬ ಹುಡುಗಿಯನ್ನು ಮೆಚ್ಚಿದ. ಹುಡುಗಿ ನಮ್ಮವಳೇ, ಮಾತು ನಮ್ಮದೇ. ಆದರೆ ಮನೆ ಎಲ್ಲಿ? ಆಫ್ರಿಕಾದಲ್ಲಿ! ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ. ಅವಳ ಅಜ್ಜ ಗದಗಿನ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವನು. ತಂದೆ ಗೋವಿನಜೋಳದ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಒಳ್ಳೆಯ ಮನುಷ್ಯ. "ಮದುವಿ ಊರಾಗ ಮಾಡಿಕೊಡ್ತೀನಿ, ನಾವ ಬರ್ತೀವಿ" ಎಂದ. ಸಾಹುಕಾರ ಒಪ್ಪಲಿಲ್ಲ. ಹೆಣ್ಣಿನ ಮನೆಯಲ್ಲೇ ಮದುವೆ ಆಗಬೇಕು, ಗಂಡಿನವರನ್ನು ಕರೆಸಿಕೊಂಡು ಮಾಡಿಕೊಡಬೇಕು, ಅದು ಪದ್ಧತಿ! ಮುಂಬೈನಲ್ಲಿ ವಿಮಾನ ಹತ್ತಿದ ಪದ್ಧತಿ ನೈರೋಬಿಯಲ್ಲಿ ಇಳಿಯಿತು. ಮಾರನೆಯ ದಿನ ಬೆಳಗ್ಗೆ ಅಕ್ಷತೆ.

ಆಫ್ರಿಕಾ ಅಂದರೆ ಬೆಂಕಿಯಂಥ ಬಿಸಿಲು ಎಂದು ಸಾಹುಕಾರ ತೆಳ್ಳನೆಯ ಜುಬ್ಬಾ ಹಾಕಿಕೊಂಡು ಹೋಗಿದ್ದ. ಇಳಿದರೆ ಚುಮುಚುಮು ಚಳಿ! ನಡುಗಿದರೆ ಮರ್ಯಾದೆ ಹೋಗುತ್ತದೆಂದು ಹಲ್ಲು ಕಚ್ಚಿಕೊಂಡು ನಡೆದ. ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು, ಸಾಮಾನು ಬಂತು, ಟ್ರಂಕುಗಳನ್ನು ತಳ್ಳುಗಾಡಿಯಲ್ಲಿ ಹೇರಿದ್ದೂ ಆಯಿತು. ಎದುರಿಗೆ ಮಸುಕು ಗಾಜಿನ ಬಾಗಿಲು. ಆಚೆ ನೆಂಟರು. ಮಗ ಗಾಡಿ ತಳ್ಳಿಕೊಂಡು ಹೊರಟ.

"ನಿಲ್ಲು" ಎಂದ ಸಾಹುಕಾರ. ಒಂದು ಟ್ರಂಕು ಕೆಳಗಿಳಿಸಿ ಅದರ ಮೇಲೆ ಕೂತೇಬಿಟ್ಟ.

"ಅಯ್ಯ, ಅದರಾಗ ಖಡಕ್ ರೊಟ್ಟಿ ಅದಾವ್ರೀ, ಪುಡಿ ಆಗ್ತಾವ! ಏಳ್ರಿ!" ಎಂದಳು ಹೆಂಡತಿ.

"ಆಗಲಿ. ಬೀಗರು ಬಂದು ಕರೀತನಕ ನಾ ಏಳೂದಿಲ್ಲ."

ಹಳಬರಿಗೆ ಗೊತ್ತಿದೆ. ಗಂಡಿನ ದಿಬ್ಬಣ ಹೆಣ್ಣಿನ ಊರಿಗೆ ಸೀದಾ ನುಗ್ಗುವುದಿಲ್ಲ. ಊರ ಹೊರಗೆ ಹನುಮಪ್ಪನ ಗುಡಿಯಲ್ಲಿ ಇಳಿಯುತ್ತದೆ. ಹೆಣ್ಣಿನವರು ವಾಲಗದ ಜೊತೆ ಬಂದು, ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು, ಬರ್ರಿ ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಬೀಗರನ್ನು ಇದಿರುಗೊಳ್ಳುವುದು ಅಂತಾರೆ ಅದಕ್ಕೆ. ಚಂದದ ಪದ್ಧತಿ. ನಾನು ಅದನ್ನು ಬೈಯುತ್ತಿಲ್ಲ. ಆದರೆ ನಮ್ಮ ಸಾಹುಕಾರನ ಪಾಲಿಗೆ ನೈರೋಬಿಯ ಸಾಮಾನು ಬರುವ ಹಜಾರವೇ ಹನುಮಪ್ಪನ ಗುಡಿ ಆಗಿಬಿಟ್ಟಿತು!

ಮಗ ಮೆತ್ತಗೆ ಹೇಳಿದ: "ಅಪ್ಪಾ, ಹೊರಗಿನವರಿಗೆ ಒಳಗ ಬಿಡೂದಿಲ್ಲ ಇಲ್ಲೆ. ಕಾಯ್ದೆ ಅದ."

"ಕಾಯ್ದೆ ನನಗ ಹೇಳಬ್ಯಾಡ. ನಿಮ್ಮಜ್ಜ ಬೀಗರು ಬರೂದು ತಡಾ ಮಾಡಿದ್ರಂತ ಬಂಡೀನ ತಿರುಗಿಸಿಕೊಂಡು ಬಂದಿದ್ದ, ಗೊತ್ತದ ಇಲ್ಲೋ?"

"ಅವರು ಬಂಡಿ ತಿರುಗಿಸಿದ್ರು. ನೀವು ವಿಮಾನ ತಿರುಗಸ್ತೀರೇನು?" ಎಂದು ಹೆಂಡತಿ ಕೇಳಿದಳು. ಸಾಹುಕಾರನಿಗೆ ಅದು ಕೇಳಿಸಲಿಲ್ಲ. ಹೇಳಿದೆನಲ್ಲ, ಮೊದಲನೇ ಸಲ ಅವನಿಗೆ ಕೇಳಿಸುವುದಿಲ್ಲ.

ನೋಡಿ, ಆ ಗಾಜಿನ ಬಾಗಿಲು ಎಂಥದ್ದು? ಒಳಗಿದ್ದವರು ಹತ್ತಿರ ಹೋದರೆ ತಾನೇ ಸರಿದು ತೆರೆದುಕೊಳ್ಳುತ್ತದೆ. ಹೊರಗಿದ್ದವರು ಹಣೆ ಚಚ್ಚಿಕೊಂಡರೂ ತೆರೆಯುವುದಿಲ್ಲ. ಯಾರಾದರೂ ಪ್ರಯಾಣಿಕರು ಹೊರಗೆ ಹೋದಾಗ ಬಾಗಿಲು ತೆರೆಯುತ್ತಿತ್ತು, ಆಚೆ ಬೀಗ, ಹುಡುಗಿಯ ತಂದೆ, ಕಾಣುತ್ತಿದ್ದ. ತಲೆಗೆ ರುಮಾಲು ಸುತ್ತಿ, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಆರತಿ ತಟ್ಟೆ. ಪಾಪ, ಆ ಮನುಷ್ಯ ಅಜ್ಜನ ಕಾಲದ ಪದ್ಧತಿಯನ್ನು ಅಷ್ಟು ದೂರದ ಊರಿನಲ್ಲೂ ಬಿಟ್ಟಿರಲಿಲ್ಲ. ಸಾಹುಕಾರನನ್ನು ಕಂಡ ಕೂಡಲೇ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು, ಬರ್ರಿ ಬರ್ರಿ ಎಂದು ಕೈಬೀಸಿದ.

"ನೋಡಿದೇನು? ಟಾಂಗಾದವನ್ನ ಕರದಂಗ ಕೈ ಮಾಡಿ ಕರೀತಾನ!" ಎಂದು ಸಾಹುಕಾರ ಮುಖ ತಿರುಗಿಸಿಕೊಂಡ. ಬಾಗಿಲು ಮುಚ್ಚಿಕೊಂಡಿತು.

ಬೀಗ ಮಗನ ಫೋನಿಗೆ ಫೋನು ಮಾಡಿದ. ಮಗ ಅದನ್ನು ಸಾಹುಕಾರನ ಕಿವಿಗೆ ಹಿಡಿದ. "ಸಾವಕಾರ್ರ, ಶರಣು. ಇಲ್ಲೇ ಬಾಗಲದ ಮುಂದ ನಿಂತೀನ್ರೀ, ಬರ್ರಿ. ಒಳಗ ಬರಾಕ ನನಗ ಬಿಡವಲ್ರು."

"ಮಗಳನ್ನ ಕೊಡೂ ಮನುಷ್ಯಾ ಹತ್ತು ಹೆಜ್ಜಿ ಬರಾಕ ಆಗೂದಿಲ್ಲೇನ್ರೀ? ಫೋನಿನಾಗ ಕರದ್ರ ಕರದಂಗ ಆತೇನು?" ಎಂದು ಫೋನು ಮಗನ ಕೈಗೆ ಕೊಟ್ಟುಬಿಟ್ಟ.

ಹೀಗೇ ನಡೆಯಿತು. ಜನ ಕರಗಿದರು. ಸಾಮಾನು ತರುವ ಪಟ್ಟಿ ನಿಂತಿತು. ನೆಲ ಒರೆಸುವವನು ಬಂದು, ಸಾಹುಕಾರನ ಸುತ್ತಲೂ ಒರೆಸಿ, ಅವನ ಕಾಲೆತ್ತಿಸಿ ಅಡಿಯಲ್ಲೂ ಒರೆಸಿ ಹೋದ. ಹೆಂಡತಿಯ ಕಾಲು ಬಾತಿದ್ದವು, ಹೊಟ್ಟೆ ಚುರುಗುಟ್ಟುತ್ತಿತ್ತು. ಮಗ ಗೋಡೆಗೆ ಒರಗಿ ನಿಂತಿದ್ದ, ಮದುಮಗನ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾಕೆಂದರೆ ಅಪ್ಪ ಕೊನೆಯ ಮಾತು ಆಡಿಬಿಟ್ಟಿದ್ದ.

"ಹೇಳಿಬಿಡು ಅವರಿಗೆ. ಈಗ ಬಂದು ಕರದ್ರ ಸೈ. ಇಲ್ಲಂದ್ರ ಈ ಸಂಬಂಧನ ಬ್ಯಾಡ, ನಾವು ಹೊಳ್ಳಿ ಹೋಗ್ತೀವಿ."

ಹೆಂಡತಿ ಮೂವತ್ತು ವರ್ಷ ಎರಡೆರಡು ಸಲ ಊಟಕ್ಕೆ ಕರೆದ ಹೆಣ್ಣುಮಗಳು. ಅವತ್ತು ಗಂಡನ ಎದುರಿಗೇ ನಿಂತಳು. "ಏನ್ರೀ, ಈ ಮದುವಿ ಅವನದೋ, ನಿಮ್ಮದೋ? ಅವನ ಮಾರಿ ಒಂದಿಷ್ಟು ನೋಡ್ರಿ."

ಸಾಹುಕಾರ ನೋಡಲಿಲ್ಲ. ನೋಡಿದರೆ ಏಳಬೇಕಾಗುತ್ತಿತ್ತು, ಅದು ಅವನಿಗೆ ಗೊತ್ತಿತ್ತು. ಏಳಬೇಕೆಂದು ಅವನಿಗೂ ಅನ್ನಿಸುತ್ತಿರಲಿಲ್ಲವೇ? ಅನ್ನಿಸುತ್ತಿತ್ತು! ಟ್ರಂಕಿನ ಅಂಚು ಒತ್ತುತ್ತಿತ್ತು, ಚಳಿ ಹತ್ತಿತ್ತು, ಒಂದು ಲೋಟ ಬಿಸಿ ಚಹಾಕ್ಕೆ ಪ್ರಾಣ ಬಿಡುವಂತಾಗಿತ್ತು. ಆದರೆ ಇಷ್ಟು ಹೊತ್ತು ಕೂತವನು ಈಗ ಏಳುವುದು ಹೇಗೆ? ಮುನಿಸಿಕೊಂಡವರ ಕಷ್ಟ ಇದೇ ನೋಡಿ. ಕೂರುವುದು ಸುಲಭ, ಏಳುವುದಕ್ಕೆ ಒಂದು ನೆಪ ಬೇಕು.

ಮಗ ಫೋನಿನಲ್ಲಿ ಅಪ್ಪನ ಮಾತು ಹೇಳಿದ.

ಸ್ವಲ್ಪ ಹೊತ್ತಿಗೆ ವಿಮಾನದ ಸಿಬ್ಬಂದಿಯೊಬ್ಬಳು ಹೊರಗೆ ಹೊರಟಳು, ಬಾಗಿಲು ತೆರೆಯಿತು. ತೆರೆದದ್ದೇ ತಡ, ಬೀಗ ಬಾಗಿಲ ಮುಂದೆ ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಓಡಿಬಂದ! ಅರವತ್ತು ದಾಟಿದ ಮನುಷ್ಯ, ಪಂಚೆ ಎತ್ತಿಕೊಂಡು, ತಂಬಿಗೆ ಹಿಡಿದುಕೊಂಡು, "ಬರ್ರಿ ಸಾವಕಾರ್ರ, ನಾನ ಬಂದೀನಿ, ಬರ್ರಿ!" ಎಂದು ಕೂಗುತ್ತ. ಹೊಸ್ತಿಲು ದಾಟುವುದರೊಳಗೆ ಇಬ್ಬರು ಪೊಲೀಸರು ಎರಡೂ ರಟ್ಟೆ ಹಿಡಿದರು. ತಂಬಿಗೆ ಬಿತ್ತು, ನೀರು ಚೆಲ್ಲಿತು, ತಲೆಯ ರುಮಾಲು ಉರುಳಿತು. ಬೋಳುತಲೆಯ ಮುದುಕನನ್ನು ಎಳೆದುಕೊಂಡು ಹೋಗುವುದನ್ನು ಸಾಹುಕಾರ ಕಣ್ಣಾರೆ ನೋಡಿದ. ಬಾಗಿಲು ಮುಚ್ಚಿತು.

ಹಜಾರದಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನು ಬಾಗಿಲು ತೆರೆಯಬೇಕಾದರೆ ಇವರೇ ಹೋಗಬೇಕು.

ಸಾಹುಕಾರ ಎದ್ದ. ಹೇಗೆ ಎದ್ದ, ಯಾವಾಗ ಎದ್ದ, ಅವನಿಗೇ ತಿಳಿಯಲಿಲ್ಲ. "ಅಯ್ಯೋ ಶಿವನೇ" ಎಂದು ಓಡಿದ. ಬಾಗಿಲು ಸರಿಯಿತು. ಬಗ್ಗಿ ಆ ರುಮಾಲು ಎತ್ತಿಕೊಂಡ. ಜೀವಮಾನದಲ್ಲಿ ಇನ್ನೊಬ್ಬರ ವಸ್ತು ಎತ್ತಿಕೊಡಲು ಬಗ್ಗಿದವನಲ್ಲ. ಓಡಿಹೋಗಿ ಅದನ್ನು ಬೀಗನ ತಲೆಗೆ ಇಟ್ಟ.

ಅಲ್ಲಿದ್ದ ಹಿರಿಯ ಪೊಲೀಸ್ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವಳು ಇಂಗ್ಲಿಷಿನಲ್ಲಿ ಕೇಳಿದಳು, ಹಿಂದೆಯೇ ಓಡಿಬಂದಿದ್ದ ಮಗ ಅಪ್ಪನಿಗೆ ಕನ್ನಡದಲ್ಲಿ ಹೇಳಿದ.

"ಇವರು ಯಾರು?"

"ನಮ್ಮ ಬೀಗರು" ಎಂದ ಸಾಹುಕಾರ. "ನನ್ನ ಸೊಸಿಯ ಅಪ್ಪ."

"ಒಳಗೆ ಯಾಕೆ ನುಗ್ಗಿದರು?"

"ನನ್ನ ಕರಿಯಾಕ."

ಅಧಿಕಾರಿ ಬೀಗನ ಕಡೆ ನೋಡಿದಳು, ಸಾಹುಕಾರನ ಕಡೆ ನೋಡಿದಳು, ಬಾಗಿಲಿನ ಕಡೆ ನೋಡಿದಳು. "ಬಾಗಿಲು ನಿಮಗೆ ತೆರೆಯುತ್ತಿತ್ತಲ್ಲ. ನೀವು ಯಾಕೆ ಹೊರಗೆ ಬರಲಿಲ್ಲ?"

ಮಗ ಇದನ್ನೂ ಕನ್ನಡದಲ್ಲಿ ಹೇಳಿದ. ಸಾಹುಕಾರ ಬಾಯಿ ತೆರೆದ. ಪದ್ಧತಿ ಅನ್ನೋಣವೆಂದರೆ ಬೀಗನ ರಟ್ಟೆ ಪೊಲೀಸರ ಕೈಯಲ್ಲಿತ್ತು. ಮರ್ಯಾದೆ ಅನ್ನೋಣವೆಂದರೆ ಕೆಳಗೆ ನೀರು ಚೆಲ್ಲಿತ್ತು. ಮಗನೇ ನಾಚಿಕೊಂಡು ಎಲ್ಲ ಕಥೆ ಹೇಳಿದ. ಆಕೆ ಜೋರಾಗಿ ನಕ್ಕಳು. "ನಮ್ಮ ಮನೆ ಕಡೆ ಗಂಡಿನವರನ್ನು ಗೇಟಿನ ಹೊರಗೆ ನಿಲ್ಲಿಸುತ್ತೇವೆ. ಅವರು ಹಾಡಿ, ಬೇಡಿಕೊಂಡರೆ ಮಾತ್ರ ಒಳಗೆ ಬಿಡುತ್ತೇವೆ" ಎಂದು ಹೇಳಿ, ಬೀಗನನ್ನು ಬಿಡಿಸಿದಳು.

ಬಿಟ್ಟ ಕೂಡಲೇ ಆ ಬೀಗ ಏನು ಮಾಡಿದ ಗೊತ್ತೇ? ಬೈಯಲಿಲ್ಲ. ಏದುಸಿರು ಬಿಡುತ್ತ, ರುಮಾಲು ಸರಿಮಾಡಿಕೊಂಡು, ಕೈಮುಗಿದು, "ಬರ್ರಿ ಸಾವಕಾರ್ರ" ಎಂದ. ಇಷ್ಟೆಲ್ಲ ಆದ ಮೇಲೂ ಕರೆದ!

ಸಾಹುಕಾರನ ಕಣ್ಣಲ್ಲಿ ನೀರು ಬಂತು. ಬೀಗನ ಮುಗಿದ ಕೈ ಹಿಡಿದುಕೊಂಡು ಕೇಳಿದ: "ಬೀಗರ, ನಾವು ನಿಮ್ಮ ಮನಿಗೆ ಬರಬಹುದೇನ್ರೀ?"

ಕಥೆ ಮುಗಿಯಿತು. ಮದುವೆ ಆಯಿತು, ಊಟ ಆಯಿತು, ಅದನ್ನೆಲ್ಲ ನೀವು ಊಹಿಸಿಕೊಳ್ಳಿ. ಈಗ ನಾನು ನಿಮ್ಮ ಕಡೆ ತಿರುಗುತ್ತೇನೆ. ಆಕಳಿಸುವವರು ಆಕಳಿಸಿ ಮುಗಿಸಿ.

ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ನೀವು ಯಾಕೆ ಹೊರಗೆ ಬರಲಿಲ್ಲ? ತಂಗಿಯ ಮನೆಯ ಗೃಹಪ್ರವೇಶಕ್ಕೆ ಸರಿಯಾಗಿ ಕರೆಯಲಿಲ್ಲವೆಂದು ಅವಳ ಹೊಸ್ತಿಲು ತುಳಿಯುವುದನ್ನೇ ಬಿಟ್ಟವರು ಇಲ್ಲಿಲ್ಲವೇ? ಅಣ್ಣನ ಮನೆ ಎದುರಿಗೇ ಇದ್ದರೂ ಬಳಸು ದಾರಿ ಹಿಡಿದು ಹೋಗುವವರು ಇಲ್ಲಿಲ್ಲವೇ? ಅತ್ತೆ ಮೊದಲು ಮಾತಾಡಲಿ ಎಂದು ಸೊಸೆ, ಸೊಸೆ ಮೊದಲು ಮಾತಾಡಲಿ ಎಂದು ಅತ್ತೆ, ನಡುವೆ ಆ ಗಂಡಸು ಗೋಡೆಗೆ ಒರಗಿ ನಿಂತಿದ್ದಾನೆ, ಅವನ ಮುಖ ಯಾರಾದರೂ ನೋಡಿದ್ದೀರಾ? ನೀವು ಒಳಗೆ ಟ್ರಂಕಿನ ಮೇಲೆ ಕೂತಿದ್ದೀರಿ. ಅವರು ಬರುತ್ತಿಲ್ಲ ಎನ್ನುತ್ತೀರಿ. ಅವರಿಗೆ ಬರಲು ಆಗುವುದಿಲ್ಲಪ್ಪ! ಮುನಿಸಿನ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ಮುನಿದವನೇ ಎದ್ದು ನಡೆಯಬೇಕು.

ಆದ್ದರಿಂದ ಇವತ್ತು ಒಂದು ಕೆಲಸ ಮಾಡಿ. ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂರಬೇಡಿ. ಇಲ್ಲಿಂದ ಸೀದಾ, ನೀವು ಹೋಗುವುದನ್ನು ಬಿಟ್ಟ ಆ ಮನೆಗೆ ಹೋಗಿ. ತಪ್ಪು ಯಾರದು ಎಂಬ ಪಂಚಾಯಿತಿ ಬೇಡ, ಅದು ಮುಗಿಯುವಂಥದ್ದಲ್ಲ. ಬಾಗಿಲಲ್ಲಿ ನಿಂತು, ಬರಬಹುದೇ ಎಂದು ಕೇಳಿ. ಅವರು ಬೈದರೆ ಬೈಸಿಕೊಳ್ಳಿ. ಚಹಾ ಕೊಟ್ಟರೆ ಸಕ್ಕರೆ ಕಡಿಮೆಯಾಯಿತು ಎನ್ನದೆ ಕುಡಿಯಿರಿ. ನಾಳೆ ಇಲ್ಲಿಯ ಪ್ರಸಾದದ ಊಟಕ್ಕೆ ಅವರನ್ನೂ ಕರೆದುಕೊಂಡು ಬಂದು, ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಡಿಸುವವನು ನಾನು. ಯಾರು ಒಬ್ಬರೇ ಬಂದಿದ್ದೀರೆಂದು ನನಗೆ ಕಾಣುತ್ತದೆ.