ಖಾಲಿ ಚೀಲದ ಮನೆ

ಒಂದು ಊರು ಎಂದಿಟ್ಟುಕೊಳ್ಳಿ. ಆ ಊರಲ್ಲಿ ಒಬ್ಬ ಸಾಹುಕಾರ. ಸಾಹುಕಾರ ಎಂದ ಕೂಡಲೇ ಮುಖ ಸಿಂಡರಿಸಬೇಡಿ ತಾಯಂದಿರೇ, ಇವನು ಒಳ್ಳೆಯವನು. ಕೆಟ್ಟವರ ಕಥೆ ಹೇಳಿದರೆ ನೀವೆಲ್ಲ ಪಕ್ಕದ ಮನೆಯವರನ್ನು ನೆನೆಸಿಕೊಂಡು ಹಾಯಾಗಿ ಕೂತುಬಿಡುತ್ತೀರಿ. ಒಳ್ಳೆಯವರ ಕಥೆಯಾದರೆ ನಮ್ಮ ಮೈಗೂ ಒಂಚೂರು ತಾಗುತ್ತದೆ. ಅವನ ಹೆಸರು ಕೇಳಬೇಡಿ. ಹೇಳಿದರೆ ನಾಳೆಯೇ ಅವನ ಮನೆ ಹುಡುಕಿಕೊಂಡು ಹೊರಡುವ ಜನ ನೀವು!

ಈ ಸಾಹುಕಾರನದು ಪ್ಲಾಸ್ಟಿಕ್ ಕೊಡ ಮಾಡುವ ಕಾರ್ಖಾನೆ. ಒಂದು ದಿನ ಯಾವುದೋ ಸಭೆಯಲ್ಲಿ ಯಾರೋ ಎದ್ದು ನಿಂತು, 'ಊರಿನ ಚರಂಡಿ ಕಟ್ಟಿಕೊಂಡಿರೋದು ನಿಮ್ಮ ಕೊಡಗಳಿಂದಲೇ ಸ್ವಾಮಿ' ಎಂದುಬಿಟ್ಟರು. ಮನಸ್ಸಿಗೆ ಚುರುಕ್ ಎಂದಿತು. ಬೇರೆಯವನಾಗಿದ್ದರೆ ಆ ಮನುಷ್ಯನ ಬಾಯಿ ಮುಚ್ಚಿಸುತ್ತಿದ್ದ. ಇವನು ಇಂಜಿನಿಯರುಗಳನ್ನು ಕೂರಿಸಿಕೊಂಡು ಒಂದು ಆ್ಯಪ್ ಮಾಡಿಸಿದ. ಮನೆಯ ಹಳೇ ಪೇಪರು, ಬಾಟಲಿ, ಹಾಲಿನ ಕವರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಗೇಟಿಗೆ ನೇತುಹಾಕಿ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಆಯಿತು. ಚಿಂದಿ ಆಯುವವರಲ್ಲಿ ಯಾರು ಹತ್ತಿರದಲ್ಲಿದ್ದಾರೋ ಅವರ ಫೋನು ಕೂಗುತ್ತದೆ, ಅವರು ಬಂದು ತೆಗೆದುಕೊಂಡು ಹೋಗುತ್ತಾರೆ. ಬಿಸಿಲಲ್ಲಿ ಗಂಟಲು ಹರಿದುಕೊಂಡು ಅಲೆಯುವುದು ಅವರಿಗೆ ತಪ್ಪಿತು. ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದು ಮನೆಯವರಿಗೆ ತಪ್ಪಿತು. ಊರೇ ಹೊಗಳಿತು, ಶಾಲು ಹೊದಿಸಿದರು, ಹಾರ ಹಾಕಿದರು. ಹೇಳಿ, ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಕರೆದಿದ್ದರೆ ನಾನೂ ಹೋಗಿ ಆಶೀರ್ವಾದ ಮಾಡಿ ಬರುತ್ತಿದ್ದೆ.

ಈಗ ಅವನ ಹೆಂಡತಿಯ ಕಡೆ ಬನ್ನಿ. ಕಥೆ ಇರುವುದು ಅವಳ ಹತ್ತಿರ.

ಮಗಳು ಮದುವೆಯಾಗಿ ಹೋಗಿದ್ದಳು. ಗಂಡ ಬೆಳಿಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಬರುವುದು. ಕೆಲಸದವಳು ಗುಡಿಸಿ ಒರೆಸಿ ಹೋದಳೆಂದರೆ ಅಷ್ಟು ದೊಡ್ಡ ಮನೆಯಲ್ಲಿ ಗಡಿಯಾರದ್ದೊಂದೇ ಮಾತು. ಆದರೆ ಅವಳಿಗೆ ಗುರುವಾರ ಎಂಬುದೊಂದಿತ್ತು. ಗುರುವಾರ ಬೆಳಿಗ್ಗೆ ಬೀದಿಯ ಆ ತುದಿಯಿಂದ ಚಿಂದಿ ಆಯುವ ಒಬ್ಬ ಹೆಂಗಸಿನ ದನಿ ಏಳುತ್ತಿತ್ತು: 'ಹಳೇ ಪೇಪರ್ರೋ... ಖಾಲಿ ಶೀಸೇಯ್...' ಕೊನೆಯ ಮಾತನ್ನು ಎಳೆದು ಎಳೆದು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಇಳಿಸುವ ದನಿ. ಆ ಊರಿನ ಚಿಂದಿ ಆಯುವವರಲ್ಲಿ ಒಂದು ಕಟ್ಟು ಇತ್ತು ನೋಡಿ. ಬೀದಿಗಳನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡಿದ್ದರು, ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಈ ಬೀದಿ ಆ ಹೆಂಗಸಿಗೆ ಅವಳ ಅತ್ತೆಯಿಂದ ಬಂದದ್ದು.

ಆ ಹೆಂಗಸು ಗೇಟು ತೆಗೆದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಇವಳು ಕಾಫಿ ತರುತ್ತಿದ್ದಳು. ಅವಳು ಚೀಲ ಬಿಚ್ಚಿ ಶುರುಮಾಡುತ್ತಿದ್ದಳು.

'ಏನಕ್ಕಾರೇ, ಈ ವಾರ ಬರೀ ಬಿಸ್ಕತ್ತಿನ ಕವರು! ಒಲೆ ಹಚ್ಚಾದೇ ಬಿಟ್ರಾ?'

'ಒಬ್ಬಳಿಗೆ ಏನು ಅಡಿಗೆ ಮಾಡ್ಕೊಳ್ಳೋದೇ.'

'ಒಬ್ರಾದ್ರೆ ಹೊಟ್ಟೆ ಇರಲ್ವಾ? ಬಸ್ಸಾರು ಮಾಡ್ಕಂಡು ಉಣ್ಣಿ. ಮುಂದಿನ್ ವಾರ ಬಂದು ಕೇಳ್ತೀನಿ.'

ಕೇಳುತ್ತಿದ್ದಳು ಕೂಡ. ನೋಡಿ, ಮುಂದಿನ ವಾರ ಬಂದು ಕೇಳುತ್ತೇನೆ ಎನ್ನುವವರು ನಮಗೆಲ್ಲ ಎಷ್ಟು ಜನ ಇದ್ದಾರೆ? ಎಣಿಸಿ ನೋಡಿ, ಕೈಬೆರಳು ಮಿಕ್ಕುತ್ತವೆ.

'ನಿಮ್ಮನೆ ಕವರು ಮುಟ್ಟಿದ್ರೆ ಕೈ ನಾರಲ್ಲ ಅಕ್ಕಾರೇ' ಎಂದು ಅವಳು ಒಮ್ಮೆ ಅಂದಳು. ಅಂದಿನಿಂದ ಈ ತಾಯಿ ಹಾಲಿನ ಕವರುಗಳನ್ನು ಇನ್ನಷ್ಟು ಉಜ್ಜಿ ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಮಡಿಸಿ ಇಡುವಳು. ಮಗಳನ್ನು ಗಂಡನ ಮನೆಗೆ ಕಳಿಸಿದ ವಾರ ಅದೇ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಆ ಹೆಂಗಸು ಸಮಾಧಾನದ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಕೂತು ಪೇಪರು ಜೋಡಿಸಿದಳು. ಜೋಡಿಸಿದ್ದನ್ನೇ ಕೆದರಿ ಮತ್ತೆ ಜೋಡಿಸಿದಳು, ಅಳು ನಿಲ್ಲುವವರೆಗೂ.

ಆ್ಯಪ್ ಬಂತು. ಕೂಗು ನಿಂತಿತು.

ಮೊದಲ ಸಲ ಈ ತಾಯಿ ಬಟನ್ ಒತ್ತಿದ್ದು ಸಂಭ್ರಮದಲ್ಲೇ. ಒತ್ತಿದರೆ ಅವಳೇ ಬರುತ್ತಾಳೆ ಎಂದುಕೊಂಡು ಕಾಫಿಗೆ ಹಾಲು ಕಾಯಿಸಿಟ್ಟಳು. ಹೆಲ್ಮೆಟ್ ಹಾಕಿದ ಯಾವನೋ ಬಂದ, ಚೀಲ ಬಿಚ್ಚಿಕೊಂಡ, ಗಾಡಿ ತಿರುಗಿಸಿದ. ಫೋನಿನಲ್ಲಿ 'ಧನ್ಯವಾದಗಳು' ಎಂದು ಬಂತು. ಧನ್ಯವಾದ ಯಾರಿಗೆ ಬೇಕಿತ್ತು?

ಮತ್ತೆ ಒತ್ತಿದಳು. ಹತ್ತಿರ ಇದ್ದವರು ತಾನೇ ಬರುವುದು? ಇವತ್ತು ಅವಳೇ ಹತ್ತಿರ ಇರಬಹುದಲ್ಲ! ಬಂದವರು ಬೇರೆ. ಮಾರನೆಯ ದಿನ ಒಂದೇ ಒಂದು ಬಾಟಲಿ ಇಟ್ಟು ಒತ್ತಿದಳು. ಆಮೇಲೆ ಅದೂ ಮುಗಿಯಿತು. ಖಾಲಿ ಚೀಲ ನೇತುಹಾಕಿ ಗೇಟಿನ ಸರಳು ಹಿಡಿದು ನಿಂತಳು. ಬಂದವರು ಸುಮ್ಮನಿರುತ್ತಾರೆಯೇ?

'ಏನಮ್ಮಾ, ಇದಕ್ಕೆ ಅಷ್ಟು ದೂರದಿಂದ ಓಡಿಸಿದ್ರಾ?'

'ತಪ್ಪಾಯ್ತಪ್ಪಾ. ಒಂದು ಲೋಟ ಕಾಫಿ ಕುಡಿದು ಹೋಗು.'

'ಕಾಫಿಗೆಲ್ಲಿ ಟೈಮಮ್ಮಾ, ಇನ್ನೊಂದ್ ಮನೆ ಕರೆ ಬಂತು.'

ಹೊಟ್ಟೆಪಾಡಿನವರನ್ನು ಸುಮ್ಮನೆ ಓಡಿಸುತ್ತಿದ್ದೇನೆಂದು ಅವಳಿಗೆ ನಾಚಿಕೆಯಾಗುತ್ತಿತ್ತು. ನಾಳೆ ಒತ್ತಬಾರದು ಎಂದು ದೇವರ ಮುಂದೆ ಹೇಳಿಕೊಳ್ಳುವಳು. ಬೆಳಗಾದರೆ ಕೈ ಫೋನಿಗೇ ಹೋಗುವುದು. ಏನು ಮಾಡಿಯಾಳು, ಆ ದನಿ ಅವಳಿಗೆ ಬೇಕಿತ್ತು. ಬೇಕೇ ಬೇಕಿತ್ತು.

ಒಂದು ಭಾನುವಾರ ಸಾಹುಕಾರ ಮನೆಯಲ್ಲಿ ಊಟಕ್ಕೆ ಕೂತ. ಬಲು ಉತ್ಸಾಹದಲ್ಲಿದ್ದ.

'ಆ್ಯಪ್‌ನ ಹೊಸದಾಗಿ ಮಾಡಿಸ್ತಿದ್ದೀನಿ ಕಣೇ. ಒಂದು ಮನೆಯಿಂದ ದಿನಾ ಕರೆ ಬರುತ್ತಂತೆ, ಹೋದ್ರೆ ಚೀಲ ಖಾಲಿ! ಯಾವನೋ ತಲೆಕೆಟ್ಟವನು. ಇನ್ಮೇಲೆ ಮೊದಲು ಚೀಲದ ಫೋಟೋ ಕಳಿಸಬೇಕು. ತುಂಬಿದ್ರೆ ಮಾತ್ರ ಕರೆ ಹೋಗುತ್ತೆ. ಆ ಮನೆ ನಂಬರನ್ನಂತೂ ನಾಳೆನೇ ಕಿತ್ತುಹಾಕಿಸ್ತೀನಿ.'

ಅದು ಯಾರ ಮನೆ ಎಂದು ಇಂಜಿನಿಯರುಗಳಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದರೂ ಯಜಮಾನರಿಗೆ ಹೇಳುವ ಧೈರ್ಯ ಯಾರಿಗಿದೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಸಾರಿನ ಸೌಟು ಹಿಡಿದ ಅವಳ ಕೈ ನಿಂತಿತು. 'ಯಾಕೆ ಕರೀತಾರೆ ಅಂತ ಕೇಳಿದ್ರಾ?'

'ಕೇಳೋದೇನು ಬಂತು? ಮಾಡೋಕೆ ಕೆಲಸ ಇಲ್ಲ.'

'ಹೌದು, ಕೆಲಸ ಇಲ್ಲ. ಅದು ನಮ್ಮನೇನೇ ರೀ.'

ಅವನು ನಕ್ಕ. ಅವಳು ನಗಲಿಲ್ಲ ಎಂದು ಕಂಡಾಗ ನಿಲ್ಲಿಸಿದ. ಅವಳು ಎಲ್ಲ ಹೇಳಿದಳು: ಗುರುವಾರ, ಮೆಟ್ಟಿಲು, ಆ ಹೆಂಗಸು, ಅವಳ ಕೂಗು. ಅವನ ಎಲೆಯ ಮೇಲೆ ಅನ್ನ ಆರಿತು.

'ನನಗೊಂದು ಮಾತು ಹೇಳಬಾರದಿತ್ತಾ?'

'ನಿಮಗೂ ಫೋನ್ ಮಾಡ್ತಿದ್ದೆನಲ್ಲ. ಏನು ವಿಷಯ ಅಂತೀರಿ. ಏನಿಲ್ಲ ಅಂತೀನಿ. ಇಟ್ಟುಬಿಡ್ತೀರಿ.'

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ, ತಿರುಗಿ ತಾನೂ ರೇಗಬಹುದಿತ್ತು. ಎಲೆ ಮಡಿಸಿದ. ಆಮೇಲೆ, ಒಳ್ಳೆಯವನಲ್ಲವೇ, ಎದ್ದು ಕೈ ತೊಳೆದು ಫೋನ್ ಹಿಡಿದುಕೊಂಡ. 'ಅವಳ ಹೆಸರು ಹೇಳು. ಸಂಜೆಯೊಳಗೆ ಕರೆಸ್ತೀನಿ.'

ಅವಳು ಬಾಯಿ ತೆರೆದಳು. ಹೆಸರು? ಇಷ್ಟು ವರ್ಷ 'ಬಾರೇ' ಎಂದದ್ದು ಉಂಟು, 'ಕೂತ್ಕೊಳೇ' ಎಂದದ್ದು ಉಂಟು. ಅವಳ ಮಂಡಿನೋವು ಗೊತ್ತು, ಅವಳ ಕಾಫಿಗೆ ಸಕ್ಕರೆ ಎಷ್ಟು ಎಂದು ಗೊತ್ತು. ಹೆಸರು ಕೇಳಿರಲೇ ಇಲ್ಲ. 'ಗೊತ್ತಿಲ್ಲ ರೀ' ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಹೊಸ ಆ್ಯಪ್ ತೋರಿಸುವುದಕ್ಕೆಂದು ಊರಿನ ಚಿಂದಿ ಆಯುವವರನ್ನೆಲ್ಲ ಸಮುದಾಯ ಭವನದಲ್ಲಿ ಸೇರಿಸಿದ್ದರು. ಈ ತಾಯಿ ಗಂಡನ ಜೊತೆ ಹೋದಳು. ಇಂಜಿನಿಯರು ಪರದೆಯ ಮೇಲೆ ಚೀಲದ ಫೋಟೋ ತೆಗೆಯುವ ಬಗೆ ತೋರಿಸುತ್ತಿದ್ದ. ಇವಳು ಸಾಲು ಸಾಲಾಗಿ ಮುಖಗಳನ್ನು ಹುಡುಕಿದಳು. ಆ ಮುಖ ಇಲ್ಲ. ಯಾರನ್ನು ಕೇಳುವುದು? ಏನೆಂದು ಕೇಳುವುದು? ಗುರುತಿಗೆ ಏನಿದೆ ಇವಳ ಹತ್ತಿರ?

ಎದ್ದು ನಿಂತಳು. ಸಾಹುಕಾರನ ಹೆಂಡತಿ, ರೇಷ್ಮೆ ಸೀರೆ ಉಟ್ಟವಳು, ತುಂಬಿದ ಸಭೆಯ ನಡುವೆ ನಿಂತು ಕೂಗಿದಳು.

'ಹಳೇ ಪೇಪರ್ರೋ... ಖಾಲಿ ಶೀಸೇಯ್...'

ಜನ ಕಿಸಕ್ಕನೆ ನಕ್ಕರು. ಗಂಡ ಸೆರಗು ಜಗ್ಗಿದ. 'ಏ, ಕೂತ್ಕೊಳ್ಳೇ, ಎಲ್ಲ ನೋಡ್ತಿದಾರೆ!' ಅವಳು ಕೂರಲಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ಕೂಗಿದಳು. ಅದೇ ಎಳೆತ, ಅದೇ ಇಳಿತ. ನಗು ನಿಂತಿತು. ಹಿಂದಿನಿಂದ ಒಬ್ಬ ಮುದುಕಿ ಎದ್ದಳು.

'ಅಯ್ಯೋ, ಇದು ನಮ್ ಸಣ್ಣಮಾರಕ್ಕನ ಕೂಗಲ್ವೇನ್ರವ್ವಾ!'

'ಎಲ್ಲಿದ್ದಾಳೆ?' ಎನ್ನುತ್ತ ಈ ತಾಯಿ ಕುರ್ಚಿಗಳನ್ನು ಸರಿಸಿಕೊಂಡು ಅವಳ ಹತ್ತಿರ ಹೋದಳು. 'ಎಲ್ಲಿದ್ದಾಳೆ ಹೇಳವ್ವಾ.'

'ಎಲ್ಲಂತ ಹೇಳ್ಲಿ ತಾಯಿ? ಅವ್ಳಿಗೆ ಫೋನ್ ಗೀನ್ ತಿಳೀತಿರ್ಲಿಲ್ಲ. ಬೀದಿ ಕೈ ಬಿಟ್ಟೋಯ್ತು. ಇನ್ನು ನನ್ ಕೂಗು ಯಾರಿಗ್ ಬೇಕು ಅಂತ ಗಂಟುಮೂಟೆ ಕಟ್ಕಂಡು ಹೊಂಟೋದ್ಲು. ಯಾವೂರಂತ ಒಬ್ರಿಗೂ ಹೇಳ್ಲಿಲ್ಲ.'

ನನ್ನ ಕೂಗು ಯಾರಿಗೆ ಬೇಕು! ಕೇಳಿದಿರಾ ತಾಯಂದಿರೇ? ಅವಳು ಆ ಮಾತು ಆಡುವ ಹೊತ್ತಿಗೆ ಇಲ್ಲೊಬ್ಬಳು ಖಾಲಿ ಚೀಲ ನೇತುಹಾಕಿ, ಗೇಟಿನ ಸರಳು ಹಿಡಿದು ಅದೇ ಕೂಗಿಗೆ ಕಾದು ನಿಂತಿದ್ದಳು. ನಡುವೆ ಎರಡು ಬೀದಿ ಇತ್ತೋ ಮೂರು ಬೀದಿ ಇತ್ತೋ. 'ಸಣ್ಣಮಾರಕ್ಕ' ಎಂದು ಈ ತಾಯಿ ತನ್ನಷ್ಟಕ್ಕೇ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಕೊಂಡಳು. ಕರೆಯುವುದಕ್ಕೆ ಹೆಸರು ಸಿಕ್ಕಿತು, ಓಗೊಡುವವಳು ಇರಲಿಲ್ಲ.

ಸಾಹುಕಾರ ಇಂಜಿನಿಯರಿಗೆ ಕೈಸನ್ನೆ ಮಾಡಿ ಪರದೆ ಆರಿಸಿದ. ಅಂದು ಅವನು ಹೇಳಲಿಲ್ಲ, ಚಿಂದಿ ಆಯುವವರು ಹೇಳಿದ್ದನ್ನು ಕೇಳಿದ. ಆ್ಯಪ್ ಮತ್ತೆ ಹೊಸದಾಯಿತು. ಬೀದಿಗಳು ಮೊದಲಿನವರಿಗೇ ಹೋದವು. ಬಟನ್ ಒತ್ತಿದರೆ ಬರುವವರ ಮುಖ, ಹೆಸರು ಕಾಣುವಂತಾಯಿತು. ಫೋನು ಒಗ್ಗದವರು ಬಾಯಲ್ಲೇ ಕೂಗಿಕೊಂಡು ಬಂದರೂ ಮನೆಯವರು ಚೀಲ ಕೊಡಬೇಕೆಂದಾಯಿತು. ಒಂದು ಬೀದಿ ಮಾತ್ರ ಯಾರಿಗೂ ಕೊಟ್ಟಿಲ್ಲ. ಅಲ್ಲಿ ಸಣ್ಣಮಾರಕ್ಕ ಎಂದು ಹೆಸರಿದೆ, ಮುಖದ ಜಾಗ ಬಿಳಿಯಾಗಿದೆ. ಅವಳು ಬಂದಳೇ ಎಂದು ಕೇಳುತ್ತೀರಿ. ಇನ್ನೂ ಬಂದಿಲ್ಲ. ಗುರುವಾರ ಗಂಡ ಹೆಂಡತಿ ಇಬ್ಬರೂ ಗೇಟಿನ ಹತ್ತಿರ ಕೂರುತ್ತಾರೆ.

ಇದು ಕಸದ ಕಥೆ, ನಮಗಲ್ಲ ಎಂದುಕೊಂಡಿರಾ? ಇಲ್ಲಿ ಬನ್ನಿ. ನಿಮ್ಮ ಮನೆಯಲ್ಲೂ ಒಬ್ಬರು ಖಾಲಿ ಚೀಲ ನೇತುಹಾಕಿ ಕರೆಯುತ್ತಿದ್ದಾರೆ. ಅತ್ತೆ ಕೇಳುತ್ತಾಳೆ, 'ಮೆಣಸಿನಪುಡಿ ಎಲ್ಲಿಟ್ಟೆಯೇ?' ಎಲ್ಲಿದೆ ಎಂದು ಅವಳಿಗೆ ಗೊತ್ತು, ಇಟ್ಟವಳೇ ಅವಳು! ಮಗು 'ಅಪ್ಪಾ ಇಲ್ಲಿ ನೋಡು' ಎನ್ನುತ್ತದೆ. ಅಲ್ಲಿ ನೋಡುವುದೇನೂ ಇರುವುದಿಲ್ಲ. ನಾವೇನು ಮಾಡುತ್ತೇವೆ? 'ಏನು ವಿಷಯ, ಬೇಗ ಹೇಳು' ಎನ್ನುತ್ತೇವೆ. ಚೀಲದ ಫೋಟೋ ಕೇಳುತ್ತೇವೆ. ಸ್ವಾಮೀ, ನೀವು ದೇವರ ಮುಂದೆ ನಿಲ್ಲುತ್ತೀರಲ್ಲ, ನಿಮ್ಮ ಚೀಲದಲ್ಲಿ ಏನಿರುತ್ತದೆ? ಎಂದಾದರೂ ಅವನು ಫೋಟೋ ಕೇಳಿದ್ದಾನೆಯೇ?

ಹಾಗಾದರೆ ಇವತ್ತು ಇಲ್ಲಿಂದ ಎದ್ದು ಹೋದವರು ಮಾಡಬೇಕಾದದ್ದೇನು? 'ಏನಿಲ್ಲ, ಸುಮ್ಮನೆ ಮಾಡಿದೆ' ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಇಡಬೇಡಿ. ನಿಮಗೇ ಮಾತು ತೋಚದಿದ್ದರೆ ಏನು ಸಾರು ಮಾಡಿದೆ ಎಂದಾದರೂ ಕೇಳಿ. ನಿಮ್ಮ ಬಾಗಿಲಿಗೆ ಬರುವ ಪೇಪರಿನವರು, ಸೊಪ್ಪಿನವರು, ಕಸದ ಗಾಡಿಯವರು, ಅವರ ಹೆಸರು ನಾಳೆಯೇ ಕೇಳಿ, ಆ ಹೆಸರಿನಿಂದಲೇ ಕರೆಯಿರಿ, ನೆರಳಲ್ಲಿ ಕೂರಿಸಿ. ಇನ್ನೊಂದಿದೆ, ಅದೇ ಕಷ್ಟದ್ದು. ಯಾರ ದನಿ ಕೇಳಿದರೆ ನಿಮ್ಮ ದಿನ ತುಂಬುತ್ತದೋ ಅವರ ಹತ್ತಿರ ಹೋಗಿ, ನಿನ್ನ ದನಿ ನನಗೆ ಬೇಕು ಎಂದು ಬಾಯಿಬಿಟ್ಟು ಹೇಳಿ. ಅವರಿಗೆ ಗೊತ್ತಿರುತ್ತದೆ ಬಿಡಿ ಎನ್ನಬೇಡಿ. ಸಣ್ಣಮಾರಕ್ಕನಿಗೆ ಗೊತ್ತಿರಲಿಲ್ಲ.